ಸಮಾಧಾನ ಹುಡುಕುವುದನ್ನು ನಿಲ್ಲಿಸಿದ ಮೇಲೆ

ನನಗೆ ಆತಂಕ ಶುರುವಾದದ್ದು ಹೊಟ್ಟೆಯಿಂದ. ಬೆಳಗ್ಗೆ ಏಳುವಾಗಲೇ ಹೊಟ್ಟೆ ತೊಳಸಿದ ಹಾಗೆ ಆಗುತ್ತಿತ್ತು. ಶಾಲೆಗೆ ಹೊರಡುವ ಮೊದಲು ಮತ್ತೆ ಮತ್ತೆ ಕಕ್ಕಸಿಗೆ ಹೋಗಬೇಕು, ಕುತ್ತಿಗೆಯ ಹಿಂದೆ ಬಿಗಿತ, ಬಾಯಿ ಒಣಗುವುದು, ನಡುರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಇಷ್ಟಕ್ಕೂ ನಮ್ಮ ಕಡೆ ಒಂದೇ ಹೆಸರು: ಗ್ಯಾಸ್. ಅತ್ತೆ ಓಮದ ಕಷಾಯ ಮಾಡಿಕೊಟ್ಟರು. ಸ್ಟಾಫ್ ರೂಮಿನಲ್ಲಿ ಯಾರೋ ಲಿಂಬೆ ಸೋಡಾ ತರಿಸಿದರು. ಯಾರೂ ಕಾಳಜಿ ಇಲ್ಲದೆ ಹೇಳಿದ್ದಲ್ಲ. ಹೆದರಿಕೆ ಹೊಟ್ಟೆಯಲ್ಲಿ, ಕುತ್ತಿಗೆಯಲ್ಲಿ, ಅಂಗೈಯ ಬೆವರಿನಲ್ಲಿ ಕೂತಿರುತ್ತದೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮನೆ ನೀರ್ಚಾಲಿನ ಹತ್ತಿರ, ಸುತ್ತ ಅಡಿಕೆ ತೋಟ. ಹಿಂದಿರುಗಿ ನೋಡಿದರೆ ಇದರ ಬೇರು 2020ರ ಮಾರ್ಚಿನಲ್ಲಿದೆ. ಕೊರೋನಾದ ಲಾಕ್‌ಡೌನ್ ಆಗಿ ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದ್ದರು. ತಲಪಾಡಿಯಲ್ಲಿ ಆಂಬುಲೆನ್ಸ್ ಕೂಡ ನಿಂತ ಸುದ್ದಿ ದಿನಾ ಬರುತ್ತಿತ್ತು. ಮಾವನಿಗೆ ಹೃದಯದ ಕಾಯಿಲೆ, ತೋರಿಸುತ್ತಿದ್ದದ್ದು ಮಂಗಳೂರಿನಲ್ಲಿ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರೇ ಅಲ್ಲವೇ? ಮಾತ್ರೆಯ ಪಟ್ಟಿ ಮುಗಿಯುತ್ತಾ ಬರುವಾಗ ರಾತ್ರಿಯೆಲ್ಲ ಮಾವನ ಕೆಮ್ಮಿಗೆ ಕಿವಿಗೊಟ್ಟು ಮಲಗುತ್ತಿದ್ದೆ. ಮಾತ್ರೆ ಹೇಗೋ ಬಂತು, ಗಡಿ ತೆರೆಯಿತು, ಮಾವ ಈಗಲೂ ತೋಟಕ್ಕೆ ಒಂದು ಸುತ್ತು ಹಾಕಿ ಬರುತ್ತಾರೆ. ನನ್ನ ಕಿವಿ ಮಾತ್ರ ಆ ಅಭ್ಯಾಸ ಬಿಡಲಿಲ್ಲ. ಕೇಳುವುದಕ್ಕೆ ಮಾವನ ಕೆಮ್ಮು ಇಲ್ಲದಾದಾಗ ನನ್ನದೇ ಎದೆಬಡಿತ ಕೇಳತೊಡಗಿತು.

ಒಂದು ಮಳೆಗಾಲದಲ್ಲಿ ಮಂಗಳೂರು ಬಸ್ಸಿನಲ್ಲಿ ಅದು ಜೋರಾಗಿಯೇ ಬಂತು. ಕಿಟಕಿಯ ಶಟರ್ ಎಲ್ಲ ಇಳಿಸಿದ್ದರು, ಒಳಗೆ ಜನ ತುಂಬಿ ಒದ್ದೆ ಕೊಡೆಗಳ ವಾಸನೆ. ಬಂದ್ಯೋಡು ದಾಟುವಾಗ ಎದೆ ಹಾರಲು ಶುರುವಾಯಿತು. ಬೆರಳ ತುದಿಗಳು ಜುಮುಜುಮು, ತುಟಿಯ ಸುತ್ತ ಮರಗಟ್ಟಿದ ಹಾಗೆ, ಉಸಿರು ಎಳೆದಷ್ಟೂ ಸಾಲದು. ಈಗ ಸಾಯುತ್ತೇನೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಉಪ್ಪಳದಲ್ಲಿ ಇಳಿದುಬಿಟ್ಟೆ. ಇಸಿಜಿ ಸರಿ ಇತ್ತು. ಥೈರಾಯ್ಡ್, ಸಕ್ಕರೆ ಎಲ್ಲ ಸರಿ, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಎಂದು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಈ ಪರೀಕ್ಷೆಗಳನ್ನು ಒಮ್ಮೆ ಸರಿಯಾಗಿ ಮಾಡಿಸಿಕೊಳ್ಳಲೇಬೇಕು, ಏಕೆಂದರೆ ಥೈರಾಯ್ಡ್ ಹೆಚ್ಚಾದರೂ ರಕ್ತ ಕಡಿಮೆಯಾದರೂ ಎದೆ ಹೀಗೆಯೇ ಹಾರುತ್ತದೆ. ಎದೆಯ ಮೇಲೆ ಭಾರ ಬಿದ್ದಂಥ ನೋವು, ಅದು ತೋಳಿಗೋ ದವಡೆಗೋ ಹರಿಯುವುದು, ಜತೆಗೆ ತಣ್ಣನೆಯ ಬೆವರು ಬಂದರೆ ಆತಂಕವಿರಬಹುದೆಂದು ಕೂರದೆ ನೇರ ಆಸ್ಪತ್ರೆಗೆ ಹೋಗಬೇಕು. ಬಿ.ಪಿ., ಸಕ್ಕರೆ ಇರುವವರು ಇನ್ನೂ ಬೇಗ.

ನನ್ನ ಕಷ್ಟ ಇದ್ದದ್ದು ಒಮ್ಮೆಗೆ ನಿಲ್ಲದ ಪರೀಕ್ಷೆಯಲ್ಲಿ. ಕೊರೋನಾ ಕಾಲದಲ್ಲಿ ತಂದ ಪಲ್ಸ್ ಆಕ್ಸಿಮೀಟರ್ ಕಪಾಟಿನಲ್ಲಿತ್ತು. ಬೆರಳಿಗೆ ಸಿಕ್ಕಿಸುವುದು, ಕೆಂಪು ಅಂಕಿ ಬರುವವರೆಗೆ ಉಸಿರು ಹಿಡಿದು ಕಾಯುವುದು. ಆಮ್ಲಜನಕ 98 ಎಂದು ಬಂದರೆ ಅಬ್ಬ. ಅದರ ಕೆಳಗೆ ನಾಡಿ 104 ಎಂದಿದ್ದರೆ ಮತ್ತೆ ಗಾಬರಿ, ಗಾಬರಿಗೆ ನಾಡಿ 110. ದೋಸೆ ಹೊಯ್ಯುವ ನಡುವೆ, ಕಾಪಿ ತಿದ್ದುವ ನಡುವೆ, ರಾತ್ರಿ ಲೈಟು ಹಾಕದೆ ಹೊದಿಕೆಯೊಳಗೆ. ಅದು ಶಾಲೆಯ ಬ್ಯಾಗಿನಲ್ಲೂ ಸೇರಿತು. ಬ್ಯಾಗಿನಲ್ಲಿ ನೀರಿನ ಬಾಟಲಿ, ಗ್ಯಾಸಿನ ಮಾತ್ರೆ, ಪೂರ್ತಿ ಚಾರ್ಜ್ ಆದ ಫೋನು. ಬಸ್ಸಿನಲ್ಲಿ ಬಾಗಿಲ ಹತ್ತಿರದ ಸೀಟು ಮಾತ್ರ. ಕೊನೆಗೆ ಬಸ್ಸೇ ಬೇಡವೆಂದು ಇವರ ಸ್ಕೂಟರಿನಲ್ಲಿ ಶಾಲೆಗೆ. "ನನಗೆ ಎಂತ ಆಗ್ಲಿಕ್ಕಿಲ್ಲ ಅಲ್ವಾ?" ಎಂದು ಇವರನ್ನು ಕೇಳುವುದು, "ಎಂತ ಇಲ್ಲ" ಎಂದು ಇವರು ಹೇಳುವುದು, ಅರ್ಧ ಗಂಟೆಗೆ ಮತ್ತೆ ಕೇಳುವುದು.

ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್‌ಗೆ ನನ್ನನ್ನು ಕಳಿಸಿದ್ದು ನಮ್ಮ ಆಶಾ ಕಾರ್ಯಕರ್ತೆ. ಅಲ್ಲಿನ ಡಾಕ್ಟರಮ್ಮ ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಮಾತಾಡಿದರು. ಏಳು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಗಾಬರಿಯಾಯಿತು, ಚಿಂತೆ ನಿಲ್ಲಿಸಲು ಆಗಲಿಲ್ಲವೇ, ಏನೋ ಕೆಟ್ಟದ್ದು ಆಗುತ್ತದೆಂದು ಹೆದರಿಕೆಯಾಯಿತೇ, ಹೀಗೆ. ಒಂದೊಂದಕ್ಕೆ 0ಯಿಂದ 3, ಒಟ್ಟು 21. ಅದರಲ್ಲಿ 10 ಅಥವಾ ಹೆಚ್ಚು ಬಂದರೆ ವಿವರವಾಗಿ ವಿಚಾರಿಸಬೇಕು ಎಂದು ಲೆಕ್ಕವಂತೆ. ನನ್ನದು 10 ದಾಟಿತ್ತು. ಆಮೇಲೆ ಅವರು ಕೇಳಿದ ಪ್ರಶ್ನೆಯೇ ನನಗೆ ದಾರಿ ತೋರಿಸಿದ್ದು.

"ಹೆದರಿಕೆ ಬಂದಾಗ ಎಂತ ಮಾಡ್ತೀರಿ ಟೀಚರೇ?"

ಎಲ್ಲ ಹೇಳಿದೆ. ಆಕ್ಸಿಮೀಟರ್, ಬಾಟಲಿ, ಬಾಗಿಲ ಹತ್ತಿರದ ಸೀಟು, ಇವರನ್ನು ಕೇಳುವುದು. ಅವರು ಬರೆದುಕೊಂಡರು.

"ಇದೆಲ್ಲ ಮಾಡದೇ ಇದ್ದಿದ್ರೆ ಎಂತ ಆಗ್ತಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ಮಾಡದೇ ನೋಡಿದ್ದೇ ಇಲ್ಲವಲ್ಲ. ಅವರು ವಿವರಿಸಿದ್ದು ಹೀಗೆ. ಹೆದರಿಕೆಯ ಅಬ್ಬರ ಹೆಚ್ಚಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ತಾನಾಗಿಯೇ ಇಳಿಯಲು ಶುರುವಾಗುತ್ತದೆ. ಇಳಿಯುವ ಮೊದಲೇ ನಾನು ಬಸ್ಸಿಂದ ಇಳಿದರೆ, ಬೆರಳಿಗೆ ಯಂತ್ರ ಸಿಕ್ಕಿಸಿದರೆ, ಅದು ತಾನಾಗಿ ಇಳಿಯುತ್ತದೆಂದು ದೇಹಕ್ಕೆ ಗೊತ್ತಾಗುವುದೇ ಇಲ್ಲ. ಯಂತ್ರ ಉಳಿಸಿತು, ಬಾಗಿಲು ಉಳಿಸಿತು ಎಂದೇ ಅದು ತಿಳಿದುಕೊಳ್ಳುತ್ತದೆ. ತುರಿಸುವ ಗಾಯವನ್ನು ಕೆರೆದುಕೊಂಡ ಹಾಗೆ, ಆ ಕ್ಷಣಕ್ಕೆ ಹಾಯೆನಿಸಿದ್ದೇ ಗಾಯವನ್ನು ದೊಡ್ಡದು ಮಾಡುತ್ತದೆ.

ಬಿಡುವುದಕ್ಕೆ ಮೊದಲು ಆರಿಸಿದ್ದು ಆಕ್ಸಿಮೀಟರನ್ನು. ಒಂದೇ ಏಟಿಗೆ ಎಸೆಯಲು ಡಾಕ್ಟರಮ್ಮ ಹೇಳಲಿಲ್ಲ. ನೋಡಬೇಕೆನಿಸಿದಾಗ ಗಡಿಯಾರ ನೋಡಿ ಹತ್ತು ನಿಮಿಷ ಮುಂದೂಡಿ, ಆಮೇಲೆ ಬೇಕಿದ್ದರೆ ನೋಡಿ ಎಂದರು. ಆ ಹತ್ತು ನಿಮಿಷ ಬಹಳ ಕಷ್ಟ. ಪಾತ್ರೆ ತೊಳೆದೆ, ಅಂಗಳ ಗುಡಿಸಿದೆ, ಕೈ ಬೆವರುತ್ತಲೇ ಇತ್ತು. ಆದರೆ ಹತ್ತು ನಿಮಿಷ ಕಳೆದು ಕಪಾಟಿನ ಹತ್ತಿರ ಹೋಗುವಾಗ ಅಷ್ಟು ತುರ್ತು ಇರುತ್ತಿರಲಿಲ್ಲ. ಹತ್ತು ಇಪ್ಪತ್ತಾಯಿತು, ಇಪ್ಪತ್ತು ಒಂದು ಗಂಟೆಯಾಯಿತು. ಆಮೇಲೆ ಅದರ ಬ್ಯಾಟರಿ ತೆಗೆದು ಟಿ.ವಿ. ರಿಮೋಟಿಗೆ ಹಾಕಿದೆ.

ಬಸ್ಸಿಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಪಟ್ಟಿ ಮಾಡಿದೆವು. ನೀರ್ಚಾಲಿನಿಂದ ಸೀತಾಂಗೋಳಿ. ಅದು ಸಲೀಸಾದ ಮೇಲೆ ಕುಂಬಳೆ. ಆಮೇಲೆ ಹೆದ್ದಾರಿಯ ಬಸ್ಸಿನಲ್ಲಿ ಉಪ್ಪಳ, ಹೊಸಂಗಡಿ, ತಲಪಾಡಿ, ಕೊನೆಗೆ ಮಂಗಳೂರು. ನಿಯಮ ಎರಡೇ: ಹೆದರಿಕೆ ಜೋರಿರುವಾಗ ಇಳಿಯಬಾರದು, ಬಾಗಿಲ ಹತ್ತಿರ ಕೂರಬಾರದು. ಒಂದೊಂದು ಮೆಟ್ಟಿಲಲ್ಲೂ ಹೆದರಿಕೆಗೆ ಹತ್ತಕ್ಕೆ ಎಷ್ಟು ಎಂದು ಅಂಕ ಕೊಡಬೇಕು. ಮಕ್ಕಳಿಗೆ ಅಂಕ ಕೊಟ್ಟು ರೂಢಿಯಿರುವ ನನಗೆ ಅದು ಒಗ್ಗಿತು.

ಉಪ್ಪಳದ ದಿನ ಚೆನ್ನಾಗಿ ನೆನಪಿದೆ. ನಡುವಿನ ಸೀಟಿನಲ್ಲಿ, ಕಿಟಕಿಯ ಕಡೆ ಕೂತಿದ್ದೆ. ಪಕ್ಕದಲ್ಲಿ ಮೀನಿನ ಬುಟ್ಟಿ ಖಾಲಿ ಮಾಡಿ ಹೊರಟ ಹೆಂಗಸು ನಿದ್ದೆ ಹೋಗಿದ್ದರು. ಹೊರಬರಬೇಕಾದರೆ ಅವರನ್ನು ಎಬ್ಬಿಸಬೇಕು. ಬಂದ್ಯೋಡು ಬರುವಾಗ ಎಂಟು. ಮುಂದಿನ ಸೀಟಿನ ಕಂಬಿಯನ್ನು ಗಟ್ಟಿ ಹಿಡಿದಿದ್ದೆ. ಹಿಡಿತ ಸಡಿಲಿಸಿ ಕೈಯನ್ನು ಮಡಿಲಲ್ಲಿಟ್ಟೆ, ಅದೂ ಅಭ್ಯಾಸದ ಭಾಗ. ಒಂಬತ್ತು. ಎದೆ ಹಾರುತ್ತಿದೆ, ಹಾರಲಿ ಎಂದು ಮನಸ್ಸಿನೊಳಗೆ ಹೇಳಿಕೊಂಡೆ. ಕಂಡಕ್ಟರ್ ಯಾರದೋ ಜತೆ ಚಿಲ್ಲರೆಗೆ ಚರ್ಚೆ ಮಾಡುತ್ತಿದ್ದದ್ದನ್ನು ಕೇಳಿಸಿಕೊಂಡೆ. ನಯಾಬಜಾರಿನ ಹತ್ತಿರ ಏಳಾಗಿತ್ತು. ಉಪ್ಪಳದಲ್ಲಿ ಇಳಿಯುವಾಗ ನಾಲ್ಕು. ನಾನು ಏನೂ ಮಾಡಿರಲಿಲ್ಲ, ಅದು ತಾನಾಗಿ ಇಳಿದಿತ್ತು. ಆ ದಿನ ಆದ ಖುಷಿಯನ್ನು ಬರೆದು ತಿಳಿಸಲು ನನ್ನಿಂದಾಗದು. ಮುಂದಿನ ಮೆಟ್ಟಿಲುಗಳಲ್ಲಿ ಹಿಂದೆ ಬಿದ್ದದ್ದೂ ಉಂಟು. ಆಗ ಒಂದು ಮೆಟ್ಟಿಲು ಕೆಳಗಿಳಿದು ಅದನ್ನೇ ಮತ್ತೆ ಮಾಡುವುದು.

ಉಸಿರಾಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಗಾಬರಿಯಲ್ಲಿ ನಾವು ಬೇಕಾದದ್ದಕ್ಕಿಂತ ಹೆಚ್ಚು ಉಸಿರಾಡುತ್ತೇವೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮುಗುಟ್ಟುವುದು, ತಲೆ ಹಗುರಾಗುವುದು ಅದರಿಂದಲೇ. ಆಗ "ಉದ್ದಕ್ಕೆ ಉಸಿರು ಎಳೆದುಕೋ" ಎಂದರೆ ಇನ್ನೂ ಹೆಚ್ಚಾಗುತ್ತದೆ. ಮೂಗಿನಲ್ಲಿ ಮೆಲ್ಲಗೆ, ಸ್ವಲ್ಪವೇ ಎಳೆದು, ಬಿಡುವಾಗ ಅದರ ಎರಡರಷ್ಟು ಹೊತ್ತು ಬಿಡುವುದು ನನಗೆ ಹಿತವಾಯಿತು. ಇದನ್ನು ದಿನಾ ಸಂಜೆ ಏನೂ ಗಾಬರಿಯಿಲ್ಲದಾಗ ಮಾಡಿ ರೂಢಿಸಿಕೊಂಡೆ. ಆದರೆ ಬಸ್ಸಿನಲ್ಲಿ ಉಸಿರನ್ನೇ ಹಿಡಿದು ನೇತಾಡಿದರೆ ಅದೂ ಇನ್ನೊಂದು ಆಕ್ಸಿಮೀಟರ್ ಆಗಿಬಿಡುತ್ತದೆ.

ಚಿಂತೆಗೆ ಬೇರೆ ಮದ್ದು ಬೇಕಾಯಿತು. ಎದೆ ಹಾರುವುದು ಬಂದು ಹೋಗುತ್ತದೆ, ಚಿಂತೆ ಇಡೀ ದಿನ ಕೂತಿರುತ್ತದೆ. ಜೂನ್ ಬಂದರೆ ನಮಗೆ ಆರನೇ ಕೆಲಸದ ದಿನದ ತಲೆ ಎಣಿಕೆ. ಅಂದಿನ ಮಕ್ಕಳ ಲೆಕ್ಕದ ಮೇಲೆ ಶಾಲೆಯ ಹುದ್ದೆಗಳು ನಿಲ್ಲುವುದು, ಡಿವಿಷನ್ ಫಾಲ್ ಆದರೆ, ಅಂದರೆ ಮಕ್ಕಳು ಸಾಲದೆ ತರಗತಿಯ ಒಂದು ವಿಭಾಗ ಹೋದರೆ, ಯಾರಿಗೋ ಜಾಗವಿಲ್ಲ. ಕನ್ನಡ ಮಾಧ್ಯಮಕ್ಕೆ ಬರುವ ಮಕ್ಕಳು ಕಡಿಮೆಯಾದ ಶಾಲೆಗಳಲ್ಲಿ ಈ ಮಂಡೆಬೆಚ್ಚ ಎಲ್ಲ ಟೀಚರುಗಳಿಗೂ ಉಂಟು. ಅದೇ ಹೊತ್ತಿಗೆ ಅಡಿಕೆಗೆ ಮದ್ದು ಬಿಡಲು ಜನ ಸಿಗುವುದಿಲ್ಲ, ಮಳೆ ಬಿಡದೆ ಹಿಡಿದರೆ ಕೊಳೆರೋಗ. ಮಗ ಮಂಗಳೂರಿನಲ್ಲಿ ಬೈಕ್ ಓಡಿಸುತ್ತಾನೆ.

ಸಂಜೆ ದೀಪ ಹಚ್ಚಿದ ಮೇಲೆ ಇಪ್ಪತ್ತು ನಿಮಿಷ ಜಗಲಿಯಲ್ಲಿ ನೋಟ್‌ಬುಕ್ ಹಿಡಿದು ಕೂರುತ್ತೇನೆ. ಹಗಲಿನಲ್ಲಿ ಬಂದ ಚಿಂತೆಗೆ, ಸಂಜೆಗೆ ಬಾ ಎಂದು ಒಂದೇ ಪದ ಬರೆದಿಡುತ್ತೇನೆ. ಸಂಜೆ ಎರಡು ಭಾಗ ಮಾಡುವುದು. ಮದ್ದು ಬಿಡುವವರಿಗೆ ಮೇ ತಿಂಗಳಲ್ಲೇ ಫೋನ್ ಮಾಡಿ ದಿನ ಕೇಳಿಡಬಹುದು, ಅಂಗನವಾಡಿ ಮಕ್ಕಳ ಮನೆಗಳಿಗೆ ಹೋಗಿ ಮಾತಾಡಬಹುದು. ಇವು ಎಡಕ್ಕೆ, ಯಾವ ದಿನ ಎಂಬುದರ ಜತೆ. ಮಗನಿಗೆ ಏನಾದರೂ ಆದರೆ? ಇದು ಬಲಕ್ಕೆ. ಬಲಕ್ಕೆ ಬಿದ್ದದ್ದಕ್ಕೆ ಉತ್ತರ ಹುಡುಕುವುದಿಲ್ಲ. ಆಗಲೂಬಹುದು, ಆಗದೆಯೂ ಇರಬಹುದು ಎಂದು ಬರೆದು ಪುಸ್ತಕ ಮುಚ್ಚುತ್ತೇನೆ. ಆ ವಾಕ್ಯ ಬರೆಯುವುದು ಈಗಲೂ ಕಷ್ಟ. ಆದರೆ ಮಗನಿಗೆ ತಾಸಿಗೊಂದು ಫೋನ್ ಮಾಡುವುದು ನಿಂತಿದೆ, ಅವನು ಈಗ ತಾನಾಗಿಯೇ ಮಾಡುತ್ತಾನೆ.

ಮಧ್ಯಾಹ್ನದ ನಂತರ ಚಾ, ಕಾಫಿ ಬಿಟ್ಟೆ. ಕಾಫಿ ಎದೆಬಡಿತ ಹೆಚ್ಚಿಸುತ್ತದೆ, ನನ್ನಂಥವರಿಗೆ ಅಷ್ಟೇ ಸಾಕು ಹೆದರಲು. ಸಂಜೆ ಬೆವರು ಬರುವಷ್ಟು ವೇಗವಾಗಿ ನಡೆಯುತ್ತೇನೆ, ಎದೆ ಜೋರಾಗಿ ಬಡಿದರೂ ಏನಾಗುವುದಿಲ್ಲವೆಂದು ಗುಡ್ಡ ಹತ್ತುವಾಗ ದಿನವೂ ಗೊತ್ತಾಗುತ್ತದೆ.

ಮಾತ್ರೆಯನ್ನೂ ತೆಗೆದುಕೊಂಡೆ. ಅದರಲ್ಲಿ ನಾಚಿಕೆ ಇಲ್ಲ. ದಿನಾ ತೆಗೆದುಕೊಳ್ಳುವ ಈ ಮಾತ್ರೆಗಳು ಕೆಲಸ ಶುರುಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ವಾಕರಿಕೆ, ಚಡಪಡಿಕೆ ಹೆಚ್ಚಾಗಲೂಬಹುದು. ಡಾಕ್ಟರಮ್ಮ ಮೊದಲೇ ಹೇಳಿದ್ದರಿಂದ ಬಿಟ್ಟುಬಿಡಲಿಲ್ಲ. ನಿಲ್ಲಿಸುವಾಗಲೂ ಅವರು ಹೇಳಿದಂತೆ ಮೆಲ್ಲಮೆಲ್ಲಗೆ ಕಡಿಮೆ ಮಾಡಿದ್ದು. ಕೂಡಲೇ ಹಾಯೆನಿಸುವ, ನಿದ್ದೆ ಬರಿಸುವ ಬಗೆಯ ಮಾತ್ರೆಗಳು ಬೇರೆ. ಅವು ಬಹುಬೇಗ ಅಭ್ಯಾಸವಾಗುತ್ತವೆ. ಪಕ್ಕದ ಮನೆಯವರಿಗೆ ಒಳ್ಳೆಯದಾಯಿತೆಂದು ಅವರ ಪಟ್ಟಿಯಿಂದ ಒಂದು ತೆಗೆದು ನುಂಗುವುದನ್ನು ನಮ್ಮೂರಲ್ಲಿ ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಬೇಡ.

ಮನೆಯವರಿಗೆ ಏನು ಮಾಡಬೇಕೆಂದು ಹೇಳಿಕೊಡಬೇಕಾಯಿತು. ಒಂದು ದಿನ ಇವರನ್ನೂ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಈಗ ನಾನು "ಎಂತ ಆಗ್ಲಿಕ್ಕಿಲ್ಲ ಅಲ್ವಾ?" ಎಂದರೆ ಇವರು "ಇದಕ್ಕೆ ಉತ್ತರ ಕೊಡುವುದಿಲ್ಲ ಅಂತ ಮಾತಾಡಿದ್ದೇವಲ್ಲ, ಬಾ, ಪಂಪ್ ಬಂದ್ ಮಾಡಿ ಬರುವ" ಎನ್ನುತ್ತಾರೆ. ಅತ್ತೆ ಜೋಯಿಸರ ಹತ್ತಿರ ಕೇಳಿಸಿದರು, ಮಧೂರು ಗಣಪತಿಗೆ ಅಪ್ಪದ ಸೇವೆ ಹೇಳಿಕೊಂಡರು. ನಾನು ಬೇಡವೆನ್ನಲಿಲ್ಲ. ಅದು ಅವರ ಪ್ರೀತಿ. ಕ್ಲಿನಿಕ್‌ನ ದಿನ ತಪ್ಪಿಸಲಿಲ್ಲ, ಅಷ್ಟೇ.

ಇದನ್ನೆಲ್ಲ ಕಲಿತ ಮೇಲೆ ತರಗತಿಯಲ್ಲಿ ಕಣ್ಣಿಗೆ ಬೀಳುವುದೇ ಬೇರೆ. ಸೋಮವಾರ ಬೆಳಗ್ಗೆ ಮಾತ್ರ ಹೊಟ್ಟೆನೋವು ಬರುವ ಹುಡುಗಿ, ಪರೀಕ್ಷೆಯ ದಿನ ಮತ್ತೆ ಮತ್ತೆ ಮೂತ್ರಕ್ಕೆ ಕೇಳುವ ಹುಡುಗ. ಮೊದಲಾದರೆ ಮನೆಗೆ ಫೋನ್ ಮಾಡಿ ಕಳಿಸುತ್ತಿದ್ದೆವು. ಮನೆಗೆ ಹೋದ ಕೂಡಲೇ ನೋವು ಹೋಗುತ್ತದೆ, ಮುಂದಿನ ಸೋಮವಾರ ಇನ್ನೂ ಜೋರಾಗಿ ಬರುತ್ತದೆ. ಈಗ ಜ್ವರ, ವಾಂತಿ ಇಲ್ಲವೆಂದು ನೋಡಿ, ವರಾಂಡದಲ್ಲಿ ಜತೆಗೆ ಸ್ವಲ್ಪ ಹೊತ್ತು ಕೂತು, ಎಲ್ಲಿ ಹೇಗಾಗುತ್ತದೆಂದು ಕೇಳಿ, ಮತ್ತೆ ತರಗತಿಗೇ ಕರೆದುಕೊಂಡು ಹೋಗುತ್ತೇನೆ. ಮನೆಯಲ್ಲೋ ದಾರಿಯಲ್ಲೋ ನಿಜವಾಗಿಯೇ ಯಾರಾದರೂ ತೊಂದರೆ ಕೊಡುತ್ತಿದ್ದಾರೆಯೇ ಎಂದು ವಿಚಾರಿಸದೆ ಮಾತ್ರ ಹೀಗೆ ಮಾಡಕೂಡದು.

ತೋರಿಸಲು ಹೋಗುವವರಿಗೆ ಒಂದು ಮಾತು. ಮಲಯಾಳದಲ್ಲಿ ಹೇಗೆ ಹೇಳುವುದೆಂದು ಹಿಂಜರಿದು ಕೂತವರು ನಮ್ಮಲ್ಲಿ ಬಹಳ ಮಂದಿ. ಫೋನಿನಲ್ಲಿ ಮಾತಾಡುವುದಾದರೆ ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, ಸಂಖ್ಯೆ 14416. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಬದುಕೇ ಬೇಡವೆನಿಸುತ್ತಿದ್ದರೆ ಕ್ಲಿನಿಕ್‌ನ ದಿನಕ್ಕೆ ಕಾಯದೆ ಆಗಲೇ ಮಾಡಿ, ಮನೆಯ ಒಬ್ಬರಿಗಾದರೂ ಹೇಳಿ. ಕ್ಲಿನಿಕ್‌ಗೆ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗಿನಿಂದ, ದೇಹದಲ್ಲಿ ಎಲ್ಲೆಲ್ಲಿ, ಏನನ್ನು ತಪ್ಪಿಸುತ್ತಿದ್ದೀರಿ, ಸಮಾಧಾನಕ್ಕೆ ಏನೇನು ಮಾಡುತ್ತೀರಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಯಾವುವು, ಕಷಾಯ ಮತ್ತು ನಾಟಿ ಮದ್ದೂ ಸೇರಿ. ಹಳೆಯ ಇಸಿಜಿ, ರಕ್ತಪರೀಕ್ಷೆಯ ಕಾಗದಗಳಿದ್ದರೆ ಜತೆಗಿಡಿ, ಮತ್ತೆ ಮಾಡಿಸುವುದು ತಪ್ಪುತ್ತದೆ. ಚೀಟಿ ಕನ್ನಡದಲ್ಲೇ ಇರಲಿ, ಓದಿ ಹೇಳಲು ಅಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ನನ್ನ ಚೀಟಿಯನ್ನು ಓದಿ ಹೇಳಿದ್ದು ಔಷಧಿ ಕೊಡುವ ಕೌಂಟರಿನ ಹುಡುಗಿ, ನಮ್ಮ ಶಾಲೆಯಲ್ಲೇ ಕಲಿತವಳು.