ಘಾಟಿ ರಸ್ತೆಯಲ್ಲಿ ಅಪಘಾತ: 108 ಬರುವ ಮುಂಚೆ ಏನು, ಬಂದ ಮೇಲೆ ಏನು?

ಆಗುಂಬೆ, ಹುಲಿಕಲ್ ಘಾಟಿಗಳಲ್ಲಿ ಮಳೆಗಾಲದ ಮಂಜು ಬಿದ್ದರೆ ಹತ್ತು ಮಾರು ಆಚೆಗೆ ಏನೂ ಕಾಣುವುದಿಲ್ಲ. ಅಲ್ಲೊಂದು ದೊಡ್ಡ ಅಪಘಾತವಾದರೆ ಆಂಬುಲೆನ್ಸ್ ತಿರುವು ಸುತ್ತಿಕೊಂಡೇ ಬರಬೇಕು. ಪೆಟ್ಟು ಬಿದ್ದ ಮೊದಲ ಒಂದು ಗಂಟೆಯನ್ನು ಮೋಟಾರು ವಾಹನ ಕಾಯ್ದೆಯೇ ‘ಗೋಲ್ಡನ್ ಅವರ್’, ಅಂದರೆ ಚಿಕಿತ್ಸೆ ಸಿಕ್ಕರೆ ಜೀವ ಉಳಿಯುವ ಸಾಧ್ಯತೆ ಹೆಚ್ಚಿರುವ ಹೊತ್ತು, ಎಂದು ಗುರುತಿಸಿದೆ. ನಮ್ಮ ಕಡೆ ಆ ಗಂಟೆಯ ಮೊದಲ ಭಾಗ ದಾರಿಹೋಕರ ಕೈಯಲ್ಲೇ ಇರುತ್ತದೆ.

ಮೊದಲು ಇನ್ನೊಂದು ಅಪಘಾತ ತಪ್ಪಿಸಿ. ಗಾಡಿ ಬದಿಗೆ ಹಾಕಿ, ಪಾರ್ಕಿಂಗ್ ಲೈಟ್ ಉರಿಸಿ. ತಿರುವಿನಲ್ಲಿ ಆಗಿದ್ದರೆ ತಿರುವಿಗಿಂತ ಮುಂಚೆಯೇ, ಎರಡೂ ಕಡೆ ಒಬ್ಬೊಬ್ಬರು ನಿಂತು ಕೈ ಬೀಸಬೇಕು. ರಸ್ತೆಗೆ ಸೊಪ್ಪಿನ ಕೊಂಬೆ ಹಾಕುವ ರೂಢಿ ಒಳ್ಳೆಯದೇ, ಆದರೆ ಕತ್ತಲಲ್ಲಿ ಅದು ಕಾಣುವುದಿಲ್ಲ, ಟಾರ್ಚ್ ಬೇಕು. ಬಿದ್ದ ಗಾಡಿಯ ಕೀ ಆಫ್ ಮಾಡಿ. ಎಣ್ಣೆ ಸೋರಿದ್ದರೆ ಹತ್ತಿರ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳಿ. ಕರೆಂಟ್ ತಂತಿ ಬಿದ್ದಿದ್ದರೆ ಗಾಡಿ ಮುಟ್ಟಲೇಬೇಡಿ, 1912ಕ್ಕೆ ಫೋನ್ ಮಾಡಿ.

ಆಮೇಲೆ ಕರೆ. ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗುತ್ತದೆ. ಹಾಗಾಗಿ ಕಾಡಿನ ನಡುವೆ ಮೊದಲು ಅದನ್ನೇ ಒತ್ತಿ ನೋಡಿ. ನಾವು ಸಾಮಾನ್ಯವಾಗಿ ಎಡವುವುದು ಜಾಗ ಹೇಳುವಾಗ. “ದೊಡ್ಡ ಮರದ ಹತ್ರ” ಅಂದರೆ ಎಲ್ಲೋ ಕೂತು ಫೋನ್ ತೆಗೆದವರಿಗೆ ಏನು ಗೊತ್ತಾಗಬೇಕು, ಅಲ್ವಾ? ಹತ್ತಿರದ ಕಿಲೋಮೀಟರ್ ಕಲ್ಲು ಓದಿ. ಹಳದಿ ತಲೆ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಕಲ್ಲಿನ ಮೇಲಿನ ಊರು ಮತ್ತು ದೂರ, ನೀವು ಯಾವ ಕಡೆಯಿಂದ ಬಂದಿರಿ ಎನ್ನುವುದನ್ನು ಹೇಳಿ. ಎಷ್ಟು ಜನರಿಗೆ ಪೆಟ್ಟಾಗಿದೆ, ಎಚ್ಚರ ಇದೆಯಾ, ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರಾ ಎಂದೂ ಹೇಳಿ. ತಗಡು ಕತ್ತರಿಸಿ ಹೊರಗೆ ತೆಗೆಯುವ ಸಲಕರಣೆ ಅಗ್ನಿಶಾಮಕದವರದ್ದು. ಹೆದ್ದಾರಿಯಿಂದ ಒಳದಾರಿಯಲ್ಲಿ ಆಗಿದ್ದರೆ ಒಬ್ಬರನ್ನು ಕ್ರಾಸ್‌ಗೆ ಕಳಿಸಿ ನಿಲ್ಲಿಸಿ.

ಕಾಯುವಾಗ ಗಾಯಾಳುವನ್ನು ಕೈಕಾಲು ಹಿಡಿದು ಎಳೆಯಬೇಡಿ. ಬೆಂಕಿಯ ಅಪಾಯ ಇದ್ದರೆ ಮಾತ್ರ ಪಕ್ಕಕ್ಕೆ ಸರಿಸಿ. ಕುತ್ತಿಗೆ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಎಳೆದಾಟದಲ್ಲಿ ಕೈಕಾಲಿನ ಸ್ವಾಧೀನವೇ ಹೋಗಬಹುದು. ನೀರು ಕುಡಿಸಬೇಡಿ. ಬಾಯಾರಿದೆ ಎಂದು ಕೇಳುತ್ತಾರೆ, ಕರುಳು ಚುರುಕ್ ಅನ್ನುತ್ತದೆ ನಿಜ. ಆದರೆ ಆ ನೀರು ಶ್ವಾಸಕೋಶಕ್ಕೆ ಹೋಗಬಹುದು, ಆಪರೇಷನ್‌ಗೂ ತೊಂದರೆ. ಉಸಿರಾಡುತ್ತಿದ್ದರೆ ಹೆಲ್ಮೆಟ್ ಹಾಗೇ ಇರಲಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಪಂಚೆ, ವೇಲು ಯಾವುದಾದರೂ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ. ಬಟ್ಟೆ ಒದ್ದೆಯಾದರೆ ತೆಗೆಯದೆ ಅದರ ಮೇಲೆಯೇ ಇನ್ನೊಂದು ಇಡಿ. ಮಳೆ ಇದ್ದರೆ ಮೈಮೇಲೆ ಏನಾದರೂ ಹೊದಿಸಿ.

ಆಂಬುಲೆನ್ಸ್ ಸಿಬ್ಬಂದಿ ಬಂದ ಕೂಡಲೇ ಎಲ್ಲರನ್ನೂ ಒಮ್ಮೆ ನೋಡಿಕೊಂಡು ಬರುತ್ತಾರೆ. ಕೂಗಾಡುತ್ತಿರುವವರನ್ನು ಬಿಟ್ಟು ಮೂಲೆಯಲ್ಲಿ ಸುಮ್ನೆ ಮಲಗಿರುವವರ ಹತ್ತಿರ ಮೊದಲು ಹೋದರೆ ಕೋಪ ಮಾಡಿಕೊಳ್ಳಬೇಡಿ. ಕೂಗುವವರಿಗೆ ಉಸಿರಿದೆ. ಸದ್ದಿಲ್ಲದವರ ಉಸಿರು ಕಟ್ಟುತ್ತಿರಬಹುದು. ಕುತ್ತಿಗೆಗೆ ಕಾಲರ್ ಹಾಕಿ, ಹಲಗೆಯ ಮೇಲೆ ಕಟ್ಟಿ, ಆಕ್ಸಿಜನ್ ಕೊಟ್ಟು ಗಾಡಿ ಹತ್ತಿಸಲು ಸ್ವಲ್ಪ ಹೊತ್ತು ಬೇಕು. ಆಗ ಅವಸರ ಮಾಡಬಾರದು. “ಸೀದಾ ಶಿವಮೊಗ್ಗಕ್ಕೇ ಹೋಗಿ” ಎಂದು ಹಟ ಮಾಡುವವರೂ ಇರುತ್ತಾರೆ. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ರಕ್ತ ನಿಲ್ಲಿಸಿ, ಉಸಿರು ಸರಿ ಮಾಡಿ ಆಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುವುದು ಎಷ್ಟೋ ಸಲ ಜೀವ ಉಳಿಸುವ ದಾರಿ. ಆ ತೀರ್ಮಾನ ಸಿಬ್ಬಂದಿಗೇ ಬಿಡಿ.

ಪೊಲೀಸರ ಭಯಕ್ಕೆ ಗಾಡಿ ನಿಲ್ಲಿಸದೆ ಹೋಗುವವರು ಈಗಲೂ ಇದ್ದಾರೆ. ಆ ಭಯ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 134ಎ ಕಲಂ ಒಳ್ಳೆ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ದುಡ್ಡಿನ ಚಿಂತೆಗೂ ಒಂದು ದಾರಿ ಇದೆ: 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಕೈಯಿಂದ ಕಟ್ಟಬೇಕಿಲ್ಲ.

ಗಾಯಾಳುವಿನ ಪರ್ಸ್, ಮೊಬೈಲ್, ಒಡವೆ ಸಿಕ್ಕರೆ ಇಬ್ಬರು ಸಾಕ್ಷಿಗಳ ಎದುರು ಪೊಲೀಸರಿಗೆ ಕೊಡಿ. ಅಷ್ಟರೊಳಗೆ ಆ ಮೊಬೈಲ್ ರಿಂಗಾದರೆ ಎತ್ತಿ. ಅಪಘಾತವಾಗಿದೆ, ಇಂಥ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ, ಜೊತೆಗೆ ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ ಎಂದಷ್ಟೇ ಹೇಳಿ.