ಚಪ್ಪಟೆ ಪೆಟ್ಟಿಗೆಯ ಕಪಾಟು ಬೆಳಗಾವಿ ಮಳೆಗೆ ತಡೆಯಬೇಕಾದರೆ

ಟಿಳಕವಾಡಿಯ ಬಾಡಿಗೆ ಮನೆಗೆ ಬಂದ ವರ್ಷ ಆನ್‌ಲೈನ್‌ನಲ್ಲಿ ಒಂದು ಪುಸ್ತಕದ ಕಪಾಟು ತರಿಸಿದ್ದೆ. ಚಪ್ಪಟೆ ಪೆಟ್ಟಿಗೆಯಲ್ಲಿ ಹಲಗೆಗಳು, ಒಂದು ಪೊಟ್ಟಣದಲ್ಲಿ ಸ್ಕ್ರೂ, ಜೊತೆಗೆ ಚಿತ್ರ ಬಿಡಿಸಿದ ಹಾಳೆ. ಒಂದು ಗಂಟೆಯಲ್ಲಿ ಎದ್ದು ನಿಂತಿತು, ಚೆಂದವೂ ಕಾಣಿಸಿತು. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಬುಡ ನೆನೆದ ಬಿಸ್ಕತ್ತಿನಂತೆ ಉಬ್ಬಿತ್ತು. ಫರಸಿ ಒರೆಸಿದ ನೀರು ದಿನಾ ಇಷ್ಟಿಷ್ಟೇ ಒಳಗೆ ಇಳಿದಿತ್ತು. ಓಣಿಯ ಬಡಿಗೇರರನ್ನು ಕರೆದು ತೋರಿಸಿದೆ. ಉಗುರಿನಿಂದ ಅಂಚು ಕೆರೆದರು, ಪುಡಿ ಉದುರಿತು. "ಹಲಗಿ ಕೆಟ್ಟದ್ದಲ್ರೀ, ಇದರ ಅಂಚು ಬತ್ತಲೆ ಬಿಟ್ಟಾರ" ಅಂದರು.

ಆ ಮಾತನ್ನು ನಾನು ಮರೆತಿಲ್ಲ. ಅಗ್ಗದ ಕಪಾಟು ಎರಡು ವರ್ಷಕ್ಕೇ ಹಾಳಾಗಬೇಕು ಅಂತೇನೂ ಇಲ್ಲ. ಅಂಚು, ಬೆಸುಗೆ, ಬುಡ ಈ ಮೂರನ್ನು ನೋಡಿಕೊಂಡರೆ ಅದೇ ಕಪಾಟು ಹತ್ತು ವರ್ಷ ಬಾಳುತ್ತದೆ. ಅಷ್ಟು ದಿನ ಇನ್ನೊಂದು ಕಪಾಟಿಗೆ ಮರ ಬೇಕಾಗುವುದಿಲ್ಲ.

ಮೊದಲು ಕೇಳಿ: ಹಲಗೆ ಯಾವುದು?

"ಇಂಜಿನಿಯರ್ಡ್ ವುಡ್" ಎಂದು ಬರೆದಿದ್ದರೆ ಏನೂ ತಿಳಿಯುವುದಿಲ್ಲ. ಅದರೊಳಗೆ ಮೂರ್ನಾಲ್ಕು ಜಾತಿ ಇವೆ. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರುಗಳಿಗೆ ಅಂಟು ಕಲಸಿ, ಬಿಸಿ ಮಾಡಿ ಒತ್ತಿದ ಹಲಗೆ. ಎಲ್ಲಕ್ಕಿಂತ ಅಗ್ಗ, ನೀರಿಗೆ ಎಲ್ಲಕ್ಕಿಂತ ಬೇಗ ಸೋಲುವುದೂ ಅದೇ. ಒಮ್ಮೆ ಉಬ್ಬಿದ ಚೂರು ಒಣಗಿದರೂ ಮೊದಲಿನಂತೆ ಆಗುವುದಿಲ್ಲ. ಎಂಡಿಎಫ್‌ನಲ್ಲಿ ಮರವನ್ನು ಹತ್ತಿಯಂಥ ಎಳೆ ಮಾಡಿ ಒತ್ತಿರುತ್ತಾರೆ. ಮೈ ನುಣುಪು, ಬಣ್ಣ ಚೆನ್ನಾಗಿ ಕೂರುತ್ತದೆ, ಆದರೆ ಸಾದಾ ಎಂಡಿಎಫ್ ಕೂಡ ನೀರಿಗೆ ಉಬ್ಬುತ್ತದೆ. ಎಚ್‌ಡಿಎಚ್‌ಎಂಆರ್ ಎಂಬುದು ಇನ್ನೂ ಗಟ್ಟಿಯಾಗಿ ಒತ್ತಿದ, ತೇವ ತಡೆಯುವ ಹಲಗೆ. ಪ್ಲೈವುಡ್ಡಿನಲ್ಲಿ ತೆಳು ಹಾಳೆಗಳನ್ನು ಅಡ್ಡ-ಉದ್ದ ಅಂಟಿಸಿರುತ್ತಾರೆ, ಸ್ಕ್ರೂ ಬಿಗಿಯಾಗಿ ಹಿಡಿಯುತ್ತದೆ. ನಮ್ಮ ದೇಶದ ಪ್ಲೈವುಡ್ಡಿಗೆ ಹೆಚ್ಚಾಗಿ ಹೊಲದಲ್ಲಿ ಬೆಳೆದ ನೀಲಗಿರಿ, ಪಾಪ್ಲರ್ ಮರ ಹೋಗುತ್ತದೆ, ಕಾಡಿನ ಮರವಲ್ಲ.

"ಗಟ್ಟಿ ಮರ" ಬೇಕೇ ಬೇಕು ಅನ್ನುವವರು ರಬ್ಬರ್ ಮರದ್ದು ನೋಡಬಹುದು. ಇಪ್ಪತ್ತೈದು-ಮೂವತ್ತು ವರ್ಷ ಹಾಲು ಕೊಟ್ಟ ಮೇಲೆ ಆ ಮರವನ್ನು ಹೇಗೂ ಕಡಿಯುತ್ತಾರೆ. ಅದನ್ನು ಸುಮ್ನೆ ಒಲೆಗೆ ಹಾಕುವ ಬದಲು ಮೇಜು ಮಾಡುವುದು ಒಳ್ಳೆಯದು ಅಲ್ವಾ?

ಇಲ್ಲಿ ನಮ್ಮ ಕಬ್ಬಿನ ಮಾತೂ ಬರಬೇಕು. ಒಂದು ಟನ್ ಕಬ್ಬು ಅರೆದರೆ ಸುಮಾರು 250ರಿಂದ 300 ಕೆ.ಜಿ. ಹಸಿ ಸಿಪ್ಪೆ ಉಳಿಯುತ್ತದೆ. ಅದರೊಳಗಿನ ಮೆತ್ತನೆ ತಿರುಳನ್ನು ಜರಡಿ ಹಿಡಿದು ತೆಗೆದು, ಉಳಿದ ನಾರನ್ನು ಒತ್ತಿದರೆ ಒಳ್ಳೆಯ ಪಾರ್ಟಿಕಲ್ ಬೋರ್ಡ್ ಆಗುತ್ತದೆ. ತಿರುಳು ಉಳಿದರೆ ಅಂಟನ್ನೆಲ್ಲ ಅದೇ ಕುಡಿದುಬಿಡುತ್ತದೆ. ಭಾರತೀಯ ಮಾನಕ ಐಎಸ್ 3087 ಮರದ ಚೂರಿನ ಜೊತೆ ಇಂಥ ನಾರಿನ ಹಲಗೆಯನ್ನೂ ಒಪ್ಪುತ್ತದೆ. ಈಗ ಸಿಪ್ಪೆಯ ಬಹುಪಾಲು ಕಾರ್ಖಾನೆಗಳ ಬಾಯ್ಲರಿಗೇ ಹೋಗುತ್ತದೆ. ಬೆಳಗಾವಿ, ಬಾಗಲಕೋಟೆಯಂಥ ಕಬ್ಬಿನ ಜಿಲ್ಲೆಗಳ ಮನೆಗಳಲ್ಲಿ ಕಬ್ಬಿನ ಹಲಗೆಯ ಕಪಾಟು ನಿಲ್ಲಬೇಕು ಎಂಬುದು ನನ್ನ ಆಸೆ. ಅಂಗಡಿಯಲ್ಲಿ "ಬಗ್ಯಾಸ್ ಬೋರ್ಡ್ ಇದೆಯಾ" ಎಂದು ನಾನಂತೂ ಪ್ರತಿ ಸಲ ಕೇಳುತ್ತೇನೆ.

ಅಂಕಿ, ಮೂಗು, ಟೇಪು

ಮುಂಚೆಯೇ ಮೈಕಾ ಒತ್ತಿದ ಪಾರ್ಟಿಕಲ್ ಬೋರ್ಡ್‌ಗೆ ಐಎಸ್ 12823, ಸಾಮಾನ್ಯ ಪ್ಲೈವುಡ್‌ಗೆ ಐಎಸ್ 303, ಮೆರೈನ್ ಪ್ಲೈವುಡ್‌ಗೆ ಐಎಸ್ 710. ಈ ಅಂಕಿಗಳನ್ನು ಹುಡುಕಿ. ಆಮೇಲೆ ಇ1 ಎಂಬ ಗುರುತು. ಅಗ್ಗದ ಹಲಗೆಯ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ತಿಂಗಳುಗಟ್ಟಲೆ ಹೊರಬರುತ್ತದೆ. ಅದು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ತೀರ್ಮಾನಿಸಿದೆ. ಇ1 ಎಂದರೆ 100 ಗ್ರಾಂ ಹಲಗೆಯಲ್ಲಿ ಅದು 8 ಮಿಲಿಗ್ರಾಂ ದಾಟಬಾರದು. ಪೆಟ್ಟಿಗೆ ತೆರೆದಾಗ ಕಣ್ಣು ಉರಿಯುವಷ್ಟು ಘಾಟು ಬಂದರೆ ಮಕ್ಕಳ ಕೋಣೆಗೆ ಇಡಬೇಡಿ, ವಾಪಸ್ ಕೊಡಿ. ಕೊಂಡದ್ದನ್ನು ಒಂದು ವಾರ ಕಿಟಕಿ ತೆರೆದ ಕೋಣೆಯಲ್ಲಿ ಬಿಡಿ.

ಟೇಪು ಹಿಡಿದು ಅಡ್ಡ ಹಲಗೆಯ ಉದ್ದ ಅಳೆಯಿರಿ. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಉದ್ದಕ್ಕೂ ಪುಸ್ತಕ ತುಂಬಿದಾಗ, ಎರಡು ಅಡಿಯ ಹಲಗೆಗಿಂತ ಮೂರು ಅಡಿಯದು ಸುಮಾರು ಐದು ಪಟ್ಟು ಹೆಚ್ಚು ಬಾಗುತ್ತದೆ. 12 ಮಿ.ಮೀ. ಹಲಗೆ 18 ಮಿ.ಮೀ.ಗಿಂತ ಮೂರು ಪಟ್ಟಿಗೂ ಹೆಚ್ಚು ಬಾಗುತ್ತದೆ. ಹಾಗಾಗಿ ಪುಸ್ತಕಕ್ಕೆ 18 ಮಿ.ಮೀ. ದಪ್ಪ, ಎರಡು-ಎರಡೂವರೆ ಅಡಿ ಉದ್ದ ಸಾಕು. ಉದ್ದ ಬೇಕೇ ಬೇಕೆಂದರೆ ನಡುವೆ ಒಂದು ಆಧಾರ ಇರಲಿ.

ಜೋಡಿಸುವ ದಿನ

ಡ್ರಿಲ್ ಮುಟ್ಟಬೇಡಿ. ಕೈ ಸ್ಕ್ರೂಡ್ರೈವರ್ ಸಾಕು. ಮಷಿನ್ ಒಂದು ಸುತ್ತು ಜಾಸ್ತಿ ತಿರುಗಿದರೂ ತೂತಿನ ಒಳಗೆ ಹಲಗೆ ಪುಡಿಯಾಗುತ್ತದೆ.

ಮೊದಲು ಎಲ್ಲ ಹಲಗೆಯನ್ನೂ ತಿರುಗಿಸಿ ನೋಡಿ. ಮುಂದಿನ ಅಂಚಿಗೆ ಪಟ್ಟಿ ಅಂಟಿಸಿರುತ್ತಾರೆ, ಕೆಳಗಿನದೂ ಹಿಂದಿನದೂ ಎಷ್ಟೋ ಸಲ ಬತ್ತಲೆ. ಅಲ್ಲಿಗೆ ಎರಡು ಕೈ ವಾರ್ನಿಷ್ ಹಚ್ಚಿ, ಒಣಗಿಸಿ. ನನ್ನ ಕಪಾಟಿಗೆ ಇಷ್ಟೇ ಮಾಡಿದ್ದರೆ ಸಾಕಿತ್ತು.

ಮರದ ಗೂಟಗಳಿಗೆ ಫೆವಿಕಾಲ್ ಹಾಕುವುದಾದರೆ ಒಂದೇ ಬದಿಗೆ ಹಾಕಿ. ಎರಡೂ ಬದಿ ಅಂಟಿಸಿದರೆ ಮನೆ ಬದಲಿಸುವಾಗ ಬಿಚ್ಚಲು ಬರುವುದಿಲ್ಲ. ಕ್ಯಾಮ್ ಲಾಕ್ ಎಂಬ ಗುಂಡು ತುಂಡನ್ನು ಅರ್ಧ ಸುತ್ತಿನ ಆಸುಪಾಸು ತಿರುಗಿಸಿ, ಬಿಗಿ ಸಿಕ್ಕಿದ ತಕ್ಷಣ ನಿಲ್ಲಿಸಿ. ಹಿಂದಿನ ತೆಳು ಹಲಗೆ ಹೊಡೆಯುವ ಮೊದಲು ಎರಡೂ ಓರೆ ಮೂಲೆಗಳ ನಡುವಿನ ಅಳತೆ ತೆಗೆಯಿರಿ. ಎರಡೂ ಸಮ ಬಂದರೆ ಚೌಕ ಸರಿಯಾಗಿದೆ. ಕಪಾಟು ಓಲಾಡದಂತೆ ಹಿಡಿಯುವುದು ಆ ತೆಳು ಹಲಗೆಯೇ, ಅದನ್ನು ಬಿಡಬೇಡಿ.

ಕೊನೆಗೆ ಬುಡ. ಹಲಗೆ ನೆಲ ಮುಟ್ಟಬಾರದು. ಪ್ಲಾಸ್ಟಿಕ್ ಅಥವಾ ಕಬ್ಬಿಣದ ಕಾಲು ಹಾಕಿ, ಒರೆಸುವ ಬಟ್ಟೆ ಕೆಳಗೆ ಆಡುವಷ್ಟು ಜಾಗ ಬಿಡಿ. ಗೋಡೆಯಿಂದ ಎರಡು ಬೆರಳು ದೂರ ಇರಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳು ತೇವ ಬಿಡುತ್ತವೆ. ಕಪಾಟು ಎತ್ತರವಿದ್ದರೆ ಮೇಲೆ ಒಂದು ಪಟ್ಟಿ ಹಾಕಿ ಗೋಡೆಗೆ ಬಿಗಿಯಿರಿ. ಮಕ್ಕಳು ಹತ್ತುತ್ತಾರೆ.

ಮನೆ ಬದಲಿಸುವಾಗ

ಇಡಿಯಾಗಿ ಟೆಂಪೋಗೆ ಏರಿಸಬೇಡಿ, ಬೆಸುಗೆಗಳು ಅಲುಗಾಡಿ ಸಡಿಲವಾಗುತ್ತವೆ. ಬಿಚ್ಚಿ, ಸ್ಕ್ರೂಗಳನ್ನು ಚೀಲದಲ್ಲಿ ಹಾಕಿ ಹಲಗೆಗೇ ಅಂಟಿಸಿ. ಸಡಿಲಾದ ತೂತಿಗೆ ಬಿದಿರಿನ ಕಡ್ಡಿಯನ್ನು ಫೆವಿಕಾಲಿನಲ್ಲಿ ಅದ್ದಿ ತುಂಬಿ, ಒಂದು ದಿನ ಒಣಗಿಸಿ. ಸ್ಕ್ರೂ ಮತ್ತೆ ಹಿಡಿಯುತ್ತದೆ.

ಪೂರ್ತಿ ಕೆಟ್ಟ ಹಲಗೆಯನ್ನು ಮಾತ್ರ ನೀರು ಕಾಯಿಸುವ ಹಂಡೆಯ ಒಲೆಗೆ ಹಾಕಬೇಡಿ. ಅಂಟು, ಮೈಕಾ, ಪಿವಿಸಿ ಪಟ್ಟಿ ಸುಟ್ಟ ಹೊಗೆ ಬಚ್ಚಲಲ್ಲಿ ನಿಂತವರ ಎದೆಗೆ ಹೋಗುತ್ತದೆ.

ನನ್ನ ಕಪಾಟಿನ ಉಬ್ಬಿದ ಆರು ಇಂಚನ್ನು ಬಡಿಗೇರರು ಕೊಯ್ದು ತೆಗೆದರು. ಕೊಯ್ದ ಅಂಚಿಗೆ ವಾರ್ನಿಷ್ ಹಚ್ಚಿ, ಜಾಲಿ ಕಟ್ಟಿಗೆಯ ನಾಲ್ಕು ಕಾಲು ಕೊಟ್ಟರು. ಈಗ ಅದು ಎರಡನೇ ಮನೆಯಲ್ಲಿ ಕಿಟಕಿಯ ಪಕ್ಕ ನಿಂತಿದೆ, ಮಗಳ ಶಾಲೆಯ ಪುಸ್ತಕ ಹೊತ್ತುಕೊಂಡು.