ನಡುರಾತ್ರಿ ಜೋಮು ಹಿಡಿಯುತ್ತಿದ್ದ ಕೈ: ನನ್ನ ಅನುಭವ

ಸೋಮವಾರಪೇಟೆ ಬಳಿಯ ತೋಟದಲ್ಲಿ ಕಾಫಿ ಕಸಿ ಕೆಲಸ ಶುರುವಾದ ಮೇಲೆ, ನಡುರಾತ್ರಿ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಕಿರುಬೆರಳಿಗೆ ಏನೂ ಇಲ್ಲ. ಇದು ಮಣಿಕಟ್ಟಿನ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆ ಎಂಬ ಸುಳಿವು ಅಲ್ಲೇ ಇತ್ತು. ಆ ಮೀಡಿಯನ್ ನರ ಕಿರುಬೆರಳಿಗೆ ಹೋಗುವುದಿಲ್ಲ.

ಎಣ್ಣೆ, ಮಾತ್ರೆ, ಕ್ರೇಪ್ ಬ್ಯಾಂಡೇಜ್ ಯಾವುದೂ ಫಲಿಸಲಿಲ್ಲ. ಕೈರೋಪ್ರಾಕ್ಟರ್ (ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರು) ಕುತ್ತಿಗೆಯ ನೆಟಿಗೆ ತೆಗೆದಾಗ ಹೆಗಲು ಹಗುರವಾಯಿತು, ಜೋಮು ಹೋಗಲಿಲ್ಲ. ಆದರೆ ಮಲಗುವಾಗ ನಾನು ಮಣಿಕಟ್ಟು ಮಡಚುತ್ತೇನೆಂದು ಹಿಡಿದವರು ಅವರೇ.

ಗುಣವಾದದ್ದು ಸ್ಪ್ಲಿಂಟ್‌ನಿಂದ, ಅಂದರೆ ಮಣಿಕಟ್ಟು ಮಡಚದಂತೆ ನೆಟ್ಟಗೆ ಹಿಡಿದಿಡುವ ಪಟ್ಟಿಯಿಂದ. ನಾನು ತಂದದ್ದರ ಲೋಹದ ಪಟ್ಟಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುತ್ತಿತ್ತು. ಅದನ್ನು ಹೊರಗೆಳೆದು, ಮೇಜಿನ ಅಂಚಿಗೆ ಒತ್ತಿ ನೆಟ್ಟಗೆ ಮಾಡಿ, ಮತ್ತೆ ತೂರಿಸಿದೆ. ಕಟ್ಟಿನಡಿ ಒಂದು ಬೆರಳು ತೂರುವಷ್ಟು ಸಡಿಲ. ರಾತ್ರಿ ಮಾತ್ರ, 6 ವಾರ, ಒಂದು ದಿನವೂ ತಪ್ಪಿಸದೆ. ಮೂರನೆಯ ವಾರಕ್ಕೆ ನಿದ್ದೆ ಕೆಡುವುದು ನಿಂತಿತು. ಮೊಂಡು ಕತ್ತರಿ ಹಿಡಿಯುವುದನ್ನೂ ಬಿಟ್ಟೆ. ದಿನಾ ಬೆಳಿಗ್ಗೆ ಮಸೆಯುತ್ತೇನೆ.

ಹೆಬ್ಬೆರಳ ಬುಡದ ಮಾಂಸ ಕರಗುತ್ತಿದ್ದರೆ ಸ್ಪ್ಲಿಂಟ್ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ.